ಕೊಡದಲ್ಲಿ ಉಳಿದ ಬೊಗಸೆ

ಕರೆವ್ವ ತನ್ನ ಗಂಡನ ಹೆಸರನ್ನು ವರ್ಷಕ್ಕೆ ಒಂದೇ ಸಲ ಬಾಯಿ ಬಿಟ್ಟು ಹೇಳುತ್ತಿದ್ದಳು. ಅದೂ ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆ, ಹಿಪ್ಪರಗಿಯ ಹೊಳೆದಂಡೆಯಲ್ಲಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿನಲ್ಲಿ ನಿಂತುಕೊಂಡು. ಉಳಿದ ದಿನಗಳಲ್ಲಿ ಅವನು ಬರೀ ‘ಅವರು’. ಬದುಕಿದ್ದಾಗಲೂ ಅಷ್ಟೇ, ಸತ್ತ ಮೇಲೂ ಅಷ್ಟೇ. ಹೆಸರು ಹೇಳುವ ಆ ಒಂದು ಗಳಿಗೆಯಲ್ಲಿ ಎಂಬತ್ತು ದಾಟಿದ ಮುದುಕಿಯ ದನಿ ಮದುಮಗಳ ದನಿಯಾಗುತ್ತಿತ್ತು. ಪಕ್ಕದಲ್ಲಿ ಕೊಡ ಹಿಡಿದು ನಿಲ್ಲುವ ಸೊಸೆ ಪ್ರತಿಮಾ ಇಡೀ ಹಬ್ಬದಲ್ಲಿ ಕಾಯುತ್ತಿದ್ದುದು ಆ ದನಿಗಾಗಿಯೇ.

ಸತ್ತವರನ್ನು ಹೊಳೆಯಿಂದ ಮನೆಗೆ ಕರೆದುಕೊಂಡು ಬರುವುದು ಆ ಮನೆತನದ ಪದ್ಧತಿ. ಕುರಿ ಕಾಯ್ದುಕೊಂಡು ಹೊಳೆಯ ಆಚೆ ಈಚೆ ತಿರುಗಿದ ಮಂದಿ, ಬೀರೇಶ್ವರನ ಒಕ್ಕಲು. ಅವರ ಹಿರಿಯರು ಹೋದದ್ದೂ ಹೊಳೆಯ ಕಡೆಗೆ, ಬರುವುದೂ ಹೊಳೆಯ ಕಡೆಯಿಂದ ಎಂದು ನಂಬಿಕೆ. ಮನೆಯ ಹಿರಿಯ ಹೆಂಗಸು ಒಂದೊಂದು ಹೆಸರು ಕರೆದು ಒಂದೊಂದು ಬೊಗಸೆ ನೀರನ್ನು ತಾಮ್ರದ ಕೊಡಕ್ಕೆ ಹಾಕುತ್ತಾಳೆ. ಸೊಸೆ ಕೊಡ ಹಿಡಿದಿರುತ್ತಾಳೆ. ದಾರಿಯಲ್ಲಿ ಇಬ್ಬರೂ ಮಾತಾಡುವಂತಿಲ್ಲ. ಮನೆಗೆ ಬಂದ ಕೊಡವನ್ನು ಮಡಚಿದ ಕರಿಕಂಬಳಿಯ ಮೇಲೆ ಕೂರಿಸುತ್ತಾರೆ. ಮಾರನೆಯ ದಿನ ಅದರ ಮುಂದೆ ಎಡೆ, ಹೊಸ ಸೀರೆ, ಧೋತರ. ಹೊತ್ತು ಮುಳುಗುವುದರೊಳಗೆ ಮತ್ತೆ ಹೊಳೆಗೆ ಹೋಗಿ, ಕರೆದವರ ಹೆಸರು ಹೇಳಿ, ಬೊಗಸೆ ಬೊಗಸೆಯಾಗಿ ನೀರನ್ನು ಹೊಳೆಗೆ ಬಿಟ್ಟು ಅವರನ್ನು ಕಳಿಸಬೇಕು. ಕರೆದವರನ್ನು ಕಳಿಸಲೇಬೇಕು, ಕೊಡ ಬರಿದಾಗಲೇಬೇಕು. ಕರೆವ್ವನ ಅತ್ತೆ ಸೋಮವ್ವನ ಕಾಲದಲ್ಲಿ ಒಮ್ಮೆ ಒಂದು ಹೆಸರು ಕಳಿಸುವಾಗ ಮರೆತುಹೋಗಿತ್ತಂತೆ. ಆ ವರ್ಷವಿಡೀ ಬುಟ್ಟಿಯಲ್ಲಿ ಮುಚ್ಚಿಟ್ಟ ರೊಟ್ಟಿ ಕಡಿಮೆಯಾಗುತ್ತಿದ್ದವು, ಬರಿಯ ತೊಟ್ಟಿಲು ತನ್ನಷ್ಟಕ್ಕೆ ತೂಗುತ್ತಿತ್ತು ಎಂದು ಹೇಳುತ್ತಿದ್ದರು.

ಪ್ರತಿಮಾ ಜಮಖಂಡಿಯ ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂರುವವಳು. ಬಿ.ಎ. ಓದಿದವಳು. ಬುಟ್ಟಿಯ ರೊಟ್ಟಿಯ ಕತೆಯನ್ನು ಅವಳು ನಂಬಿರಲಿಲ್ಲ. ಆದರೂ ಮದುವೆಯಾಗಿ ಬಂದ ಮೊದಲ ವರ್ಷದಿಂದ ಒಂದು ಸಲವೂ ಕೊಡ ಹಿಡಿಯುವುದನ್ನು ತಪ್ಪಿಸಿರಲಿಲ್ಲ.

ಈ ವರ್ಷ ಮುದುಕಿಗೆ ಮರೆವು ಹೆಚ್ಚಾಗಿತ್ತು. ಚಹಾಕ್ಕೆ ಉಪ್ಪು ಹಾಕುತ್ತಿದ್ದಳು. ಎರಡು ಸಲ ಊಟ ಮಾಡಿ ಮೂರನೆಯ ಸಲ ತಟ್ಟೆ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಬೇಸಿಗೆಯಲ್ಲಿ ಪ್ರತಿಮಾ ಒಂದಷ್ಟು ದಿನ ಮನೆಯಲ್ಲಿರಲಿಲ್ಲ. ಮಿರಜದಲ್ಲಿ ಗರ್ಭಕೋಶದ ಆಪರೇಶನ್ ಆಗಿ, ಆಮೇಲೆ ಮುಧೋಳದ ತವರಿನಲ್ಲಿ ಸುಧಾರಿಸಿಕೊಂಡು ಬಂದಿದ್ದಳು. ಬಂದಾಗಿನಿಂದ ಕರೆವ್ವ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ‘ಬಾಯಾರ, ಜರಾ ನೀರು ಕೊಡ್ರಿ’ ಎನ್ನುತ್ತಿದ್ದಳು, ಪರವೂರಿನ ಹೆಂಗಸಿನ ಜೊತೆ ಮಾತಾಡುವಂತೆ. ಮರೆವಿನ ಮಂದಿ ಹೀಗೇ ಎಂದುಕೊಂಡು ಪ್ರತಿಮಾ ನೀರು ಕೊಡುತ್ತಿದ್ದಳು.

ಆದರೆ ಹೊಳೆಯಲ್ಲಿ ನಿಂತಾಗ ಮುದುಕಿಗೆ ಮರೆವಿನ ಸುಳಿವೇ ಇರಲಿಲ್ಲ.

“ಸೋಮವ್ವತ್ತೀ, ಬರ್ರಿ. ಮನಿಗೆ ಬರ್ರಿ.” ಒಂದು ಬೊಗಸೆ.

“ಕಾಮಣ್ಣ ಬಾವಾರ, ನೀವೂ ಬರ್ರಿ. ನಿಮ್ಮ ಕಂಬಳಿ ಹಾಸೇವಿ.” ಒಂದು ಬೊಗಸೆ.

ಆಮೇಲೆ ಸ್ವಲ್ಪ ತಡೆದು, ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದು, “ಹಣಮಪ್ಪಾ... ಬರ್ರಿ.” ಅಷ್ಟೇ. ಅದರ ಮುಂದೆ ಮಾತಿಲ್ಲ.

“ಮಾಲಾ, ಬಾ ನನ್ನ ಕೂಸ. ಕತ್ತಲಾಗಾಕತ್ತೈತಿ. ಅವ್ವನ ಸೆರಗ ಹಿಡಕೋ.” ಮಾಲಾ ಅವಳ ಮೊದಲ ಮಗಳು. ಮಾತು ಕಲಿಯುವ ವಯಸ್ಸಿನಲ್ಲಿ ಜ್ವರ ಬಂದು ತೀರಿಹೋದವಳು.

ಅಲ್ಲಿಗೆ ಮುಗಿಯಿತು. ಪ್ರತಿಮಾ ಕೊಡದ ಬಾಯಿಗೆ ಎಲೆ ಮುಚ್ಚಲು ಕೈ ಎತ್ತಿದಳು. ಕರೆವ್ವ ಮತ್ತೆ ಬಗ್ಗಿದಳು.

“ಪ್ರತಿಮಾ, ಬಾ ಯವ್ವಾ. ಇದೂ ನಿನ್ನ ಮನೀನ. ನೀ ಹೊಸಬಾಕಿ, ದಾರಿ ಗೊತ್ತಾಗಲಿಕ್ಕಿಲ್ಲ. ಇವರ ಹಿಂದಿಂದ ಬಾ, ಅಂಜಬ್ಯಾಡ.”

ಬೊಗಸೆಯ ನೀರು ಕೊಡದೊಳಗೆ ಬಿತ್ತು. ಒಂದೆರಡು ಹನಿ ಪ್ರತಿಮಾಳ ಹೆಬ್ಬೆರಳ ಮೇಲೆ ಬಿದ್ದವು. ಬಿಸಿಲು ಕುಡಿದ ಹೊಳೆಯ ನೀರು ಉಗುರುಬೆಚ್ಚಗಿತ್ತು. ಆ ಹನಿಗಳು ಮಾತ್ರ ಮಂಜಿನಷ್ಟು ತಣ್ಣಗಿದ್ದವು. ಏನೋ ಹೇಳಬೇಕೆಂದು ಬಾಯಿ ತೆರೆದಳು. ಆದರೆ ಕರೆವ್ವ ತುಟಿಯ ಮೇಲೆ ಬೆರಳಿಟ್ಟು ದಂಡೆ ಹತ್ತಿಬಿಟ್ಟಿದ್ದಳು. ಇನ್ನು ಮನೆ ಸೇರುವ ತನಕ ಮಾತಿಲ್ಲ.

ಎರಡೂ ಕಡೆ ಕಬ್ಬು. ನಡುವೆ ಟ್ರಾಕ್ಟರಿನ ಗಾಲಿ ಕೊರೆದ ದಾರಿ. ಹಿಂದೆ ಬ್ಯಾರೇಜಿನ ನೀರಿನ ಸದ್ದು. ಪ್ರತಿಮಾ ನಡೆದಾಗ ಕಬ್ಬಿನ ಗರಿಗಳು ಸರಸರ ಎನ್ನುತ್ತಿದ್ದವು, ನಿಂತಾಗ ನಿಲ್ಲುತ್ತಿದ್ದವು. ಪ್ರತಿ ವರ್ಷ ಅದು ಗಾಳಿಯ ಸದ್ದಾಗಿರುತ್ತಿತ್ತು. ಈ ಸಲ ಗಾಳಿ ಇರಲಿಲ್ಲ.

ಹೊಸ್ತಿಲಲ್ಲಿ ರೇಷ್ಮಾ ತಂಬಿಗೆ ಹಿಡಿದು ನಿಂತಿದ್ದಳು. ಅವಳು ಕರೆವ್ವನ ಕಿರಿಯ ಮಗಳು. ರಬಕವಿಗೆ ಕೊಟ್ಟಿದ್ದರು, ಹಬ್ಬಕ್ಕೆ ಬಂದಿದ್ದಳು. ಕಾಲಿಗೆ ನೀರು ಹಾಕಿ ಕೊಡವನ್ನು ಒಳಗೆ ಬಿಟ್ಟುಕೊಂಡಳು. ಪದ್ಧತಿಯಂತೆ ಹೊಸ್ತಿಲ ಒಳಗಡೆ ಜೋಳದ ಹಿಟ್ಟನ್ನು ತೆಳ್ಳಗೆ ಉದುರಿಸಿದಳು. ಬೆಳಗಿನ ತನಕ ಆ ಬಾಗಿಲಿನಲ್ಲಿ ಯಾರೂ ಓಡಾಡುವಂತಿಲ್ಲ. ಹಿರಿಯರ ಹೆಜ್ಜೆಗೆಂದು ಬಿಟ್ಟ ದಾರಿ ಅದು.

ಅಡುಗೆಮನೆಯಲ್ಲಿ ಪ್ರತಿಮಾ ನಡೆದದ್ದನ್ನು ಹೇಳಿದಾಗ ರೇಷ್ಮಾ ಮೊದಲು ನಕ್ಕಳು. “ಏನ್ ಪುಣ್ಯಾ ಮಾಡೀರಿ ವೈನಿ! ನಾಳೆ ಹೋಳಿಗಿ ಮಾಡೂದೂ ನೀವ, ಎಡಿ ಉಣ್ಣೂದೂ ನೀವ. ಹೊಸಾ ಸೀರಿ ಬ್ಯಾರೆ!”

ಆಮೇಲೆ ಅತ್ತಿಗೆಯ ಮುಖ ನೋಡಿ ಅವಳ ನಗು ಇಳಿಯಿತು. ಒಲೆಯ ಉರಿ ಸಣ್ಣದು ಮಾಡಿ, “ಕರದ ಮ್ಯಾಲ ಕಳಸಬೇಕಲ್ಲ ಬೇ...” ಎಂದಳು, ತನಗೆ ತಾನೇ ಹೇಳಿಕೊಂಡಂತೆ.

ಪ್ರತಿಮಾಳ ಗಂಡ ಜ್ಞಾನೇಶ್ವರ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವನು, ಹೆಚ್ಚು ಮಾತಿನವನಲ್ಲ. “ನಾಳೆ ಕಳಸೂಮುಂದ ಆ ಹೆಸರು ಬಿಟ್ರಾತು. ಮುದುಕಿಗೇನು ತಿಳೀತೈತಿ” ಎಂದ. ಆದರೆ ಊಟ ಮಾಡದೆ ಎದ್ದ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವಳು ಪ್ರತಿಮಾ. ಬೆಳಕು ಆಗಲೇ ಬಾಗಿಲ ಸಂದಿಯಿಂದ ಬಂದಿತ್ತು. ಹಿಟ್ಟಿನಲ್ಲಿ ಒಂದೇ ಒಂದು ಹೆಜ್ಜೆ ಮೂಡಿತ್ತು. ಒಳಮುಖವಾಗಿ, ಬಲಗಾಲಿನದು. ಹೆಬ್ಬೆರಳ ಪಕ್ಕದ ಬೆರಳು ಹೊರಕ್ಕೆ ಸೊಟ್ಟಗೆ ತಿರುಗಿತ್ತು. ಚಿಕ್ಕಂದಿನಲ್ಲಿ ಮುಧೋಳದ ಮನೆಯಲ್ಲಿ ಒಳಕಲ್ಲಿನ ಗುಂಡು ಬಿದ್ದು ಪ್ರತಿಮಾಳ ಬೆರಳು ಸೊಟ್ಟಗಾಗಿತ್ತು, ಅಚ್ಚು ಹಾಗೆಯೇ.

ನಿನ್ನೆ ಹಿಟ್ಟು ಉದುರಿಸುವ ಮೊದಲೇ ತಾನು ಒಳಗೆ ಬಂದಿದ್ದೆನಲ್ಲ ಎಂದು ಅವಳು ಯೋಚಿಸಿದಳು. ನಿದ್ದೆಗಣ್ಣಲ್ಲಿ ಎದ್ದು ಬಂದೆನೇ? ಬಂದರೂ ಹೊರಗಿನಿಂದ ಒಳಕ್ಕೆ ಹೇಗೆ? ಹೆಜ್ಜೆಯ ಮೇಲೆ ತನ್ನ ಕಾಲಿಟ್ಟು ನೋಡಬೇಕೆನ್ನಿಸಿತು. ಕಾಲೆತ್ತಿದವಳು ಹಾಗೆಯೇ ನಿಂತು, ಪೊರಕೆ ತಂದು ಹಿಟ್ಟನ್ನೆಲ್ಲ ಗುಡಿಸಿಬಿಟ್ಟಳು.

“ಯಾರ ಹೆಜ್ಜಿ ಇತ್ರಿ ವೈನಿ?” ರೇಷ್ಮಾ ಆಕಳಿಸುತ್ತ ಬಂದು ಕೇಳಿದಳು.

“ಬೆಕ್ಕು ಓಡ್ಯಾಡಿತ್ತು” ಎಂದಳು ಪ್ರತಿಮಾ.

ಹಿತ್ತಲಲ್ಲಿ ಕಾಮಣ್ಣನ ಮಗನ ಕುರಿಗಳು ಹೊರಟಿದ್ದವು. ಹಿಂಡಿನ ಹಿಂದಿನ ನಾಯಿ ಪ್ರತಿಮಾಳ ಕೈಯಿಂದ ದಿನಾ ರೊಟ್ಟಿ ತಿನ್ನುವುದು. ಇವತ್ತು ಅವಳು ರೊಟ್ಟಿ ಹಿಡಿದು ನಿಂತರೆ ಅದು ಬಾಲ ಮುದುರಿಕೊಂಡು, ಅವಳ ಬಗಲಿಗೆ ಯಾರೋ ನಿಂತಿದ್ದಾರೆ ಎನ್ನುವ ಹಾಗೆ ಅತ್ತ ನೋಡಿ ಗುರುಗುಟ್ಟಿತು. ಕುರಿಗಳು ಅವಳಿದ್ದ ಜಾಗವನ್ನು ಬಳಸಿಕೊಂಡು ಎರಡು ಸಾಲಾಗಿ ಹೋದವು. ಜ್ಞಾನೇಶ್ವರ ಇದನ್ನು ನೋಡಿದ. ಏನೂ ಹೇಳದೆ ದೇವರ ಜಗುಲಿಯಿಂದ ಬೀರಪ್ಪನ ಭಂಡಾರ ತಂದು, ಮದುವೆಯಾದ ಮೇಲೆ ಎಂದೂ ಮಾಡದಷ್ಟು ದೊಡ್ಡದಾಗಿ, ಅವಳ ಹಣೆಯ ತುಂಬ ಅರಿಶಿನ ಬಳಿದ. ಹಾಗೆ ಬಳಿದವನು ಅವಳ ಕಣ್ಣಿಗೆ ಬಿದ್ದ ಪುಡಿಯನ್ನು ಪಂಜೆಯ ತುದಿಯಿಂದ ಮೆಲ್ಲಗೆ ಒರೆಸಿ ತೆಗೆದ.

ಮಧ್ಯಾಹ್ನ ಎಡೆ ಬಡಿಸಿದರು. ಕಂಬಳಿಯ ಮೇಲೆ ಕೊಡ, ಅದರ ಮುಂದೆ ಬಾಳೆಲೆಗಳು. ಮಾಲಾಳಿಗೆ ಸಣ್ಣ ಎಲೆ, ಅದರ ತುದಿಗೆ ಬೆಲ್ಲ. ಕೊನೆಗೆ ಇನ್ನೊಂದು ಎಲೆ ಹಾಕಿಸಿದಳು ಕರೆವ್ವ. ಅದರ ಪಕ್ಕಕ್ಕೆ ತಾನೇ ಪೆಟ್ಟಿಗೆ ತೆರೆದು ತಂದ ಸೀರೆಯನ್ನಿಟ್ಟಳು. ಪ್ರತಿಮಾ ಆಪರೇಶನ್ನಿಗೆ ಹೋಗುವಾಗ ಮಡಚಿಟ್ಟು ಹೋಗಿದ್ದ ಹಸಿರು ಸೀರೆ.

ಎಡೆಯಾದ ಮೇಲೆ ಸತ್ತವರ ಒಳ್ಳೆಯದನ್ನು ಹೇಳಬೇಕು. ಹೇಳಿದ್ದನ್ನು ಅವರು ಕೇಳಿಸಿಕೊಳ್ಳುತ್ತಾರೆ, ಅದೇ ಅವರ ಊಟ. ಕರೆವ್ವ ಸೋಮವ್ವನದನ್ನು ಹೇಳಿದಳು, ಕಾಮಣ್ಣನದನ್ನು ಹೇಳಿದಳು. ಗಂಡನದನ್ನು ಹೇಳುವಾಗ ಒಮ್ಮೆ ನಕ್ಕಳು. ಕೊನೆಯ ಎಲೆಯ ಮುಂದೆ ಬಂದಾಗ ಪ್ರತಿಮಾ ಗೋಡೆಗೊರಗಿ, ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡೇ ಕುಳಿತಿದ್ದಳು.

“ನನ್ನ ಸೊಸಿ” ಎಂದಳು ಕರೆವ್ವ ಎಲೆಯ ಕಡೆ ನೋಡುತ್ತ. “ನನ್ನ ಮೊಣಕಾಲಿಗೆ ಎಣ್ಣಿ ಹಚ್ಚೂಕಿಂತ ಮೊದಲ ಆಕಿ ತನ್ನ ಕೈ ಒಲಿ ಮುಂದ ಹಿಡದು ಬೆಚ್ಚಗ ಮಾಡಕೋತಿದ್ಲು. ನಾ ನೋಡಿಲ್ಲ ಅಂತ ತಿಳದಿದ್ಲು. ನನಗ ಹಲ್ಲಿಲ್ಲಂತ ರೊಟ್ಟಿ ಅಂಚು ಮುರದು ತನ್ನ ತಾಟಿಗೆ ಹಾಕೊಂಡು ನಡುವಿಂದು ಮೆತ್ತಗಿದ್ದದ್ದು ನನಗ ಕೊಡತಿದ್ಲು. ನಾ ಏನರ ಕಳಕೊಂಡು ಹುಡುಕಾಕತ್ರ, ತಾನೂ ಚಸ್ಮಾ ಕಳಕೊಂಡವರಂಗ ನಾಟಕಾ ಮಾಡಕೋತ ನನ್ನ ಸಂಗಾಟ ಹುಡುಕತಿದ್ಲು. ಚಸ್ಮಾ ಆಕಿ ತಲಿ ಮ್ಯಾಲ ಇರತಿತ್ತು.”

ರೇಷ್ಮಾ ಬಾಯಿಗೆ ಸೆರಗು ಹಿಡಿದಳು. ಪ್ರತಿಮಾಳಿಗೆ ಮೈಯೆಲ್ಲ ತಣ್ಣಗಾಯಿತು. ಇದನ್ನೆಲ್ಲ ಮುದುಕಿ ನೋಡಿದ್ದಳು. ಇಷ್ಟು ವರ್ಷ ಒಂದು ಮಾತೂ ಆಡಿರಲಿಲ್ಲ. ಈಗ ಆಡುತ್ತಿದ್ದಾಳೆ, ಅವಳಿಲ್ಲವೆಂದು ತಿಳಿದು.

“ಅತ್ತೀ” ಎಂದಳು. “ನಾ ಇಲ್ಲೇ ಅದೀನ್ರಿ.”

ಕರೆವ್ವ ತಿರುಗಿ ನೋಡಿ ಮರ್ಯಾದೆಯಿಂದ ನಕ್ಕಳು. “ಹೌದ್ರಿ ಬಾಯಾರ, ನೀವೂ ಭಾಳ ಕೆಲಸಾ ಮಾಡೀರಿ. ಕುಂದ್ರರಿ, ಉಣ್ಣರಿ.”

ಜ್ಞಾನೇಶ್ವರನಿಗೆ ತಡೆಯಲಾಗಲಿಲ್ಲ. ತಾಯಿಯ ಮುಂದೆ ಬಂದು ಮೊಣಕಾಲೂರಿ ಕುಳಿತ. “ಯವ್ವಾ, ಏನ್ ಮಾತಾಡಾಕತ್ತಿ? ಪ್ರತಿಮಾ ಸತ್ತಿಲ್ಲ. ಮಿರಜಕ್ಕ ದವಾಖಾನಿಗೆ ಹೋಗಿದ್ಲು. ನೀ ಗಾಬರಿ ಆಗತಿ ಅಂತ ಹೇಳಿರಲಿಲ್ಲ. ಮುಧೋಳಕ್ಕ ತವರಿಗೆ ಹೋಗ್ಯಾಳ ಅಂತ ಸುಳ್ಳು ಹೇಳಿದ್ವಿ.”

“ಹೂನಪಾ” ಎಂದಳು ಕರೆವ್ವ. “ನೀ ಹುಟ್ಟಿದಾಗ ನಾ ಬಾಣಂತಿ ಕ್ವಾಣ್ಯಾಗ ಇದ್ದೆ. ಮಾಲಾ ಎಲ್ಲಿ ಅಂತ ಕೇಳಿದ್ರ, ಅಜ್ಜಿ ಮನಿಗೆ ಹೋಗ್ಯಾಳ ಅಂತ ಎಲ್ಲಾರೂ ಹೇಳಿದ್ರು. ನಕ್ಕೋತ ಹೇಳಿದ್ರು. ಬಾಣಂತನ ಮುಗಿಯೂತನಾ ಹಂಗ ಹೇಳಿದ್ರು. ಯಾರ ಮ್ಯಾಲೂ ನನಗ ಸಿಟ್ಟಿಲ್ಲ, ನನ್ನ ಸಲುವಾಗೇ ಹೇಳಿದ್ರು. ನೀವು ತವರಿಗೆ ಹೋಗ್ಯಾಳ ಅಂದ ದಿನಾನ ನನಗ ತಿಳೀತು.”

ಕನಿಕರದಿಂದ ಹೇಳಿದ ಸುಳ್ಳು ಆ ಮನೆಯಲ್ಲಿ ಹಿಂದೆಯೂ ಒಮ್ಮೆ ಆಡಿದ ಸುಳ್ಳೇ ಆಗಿತ್ತು. ಅದು ಯಾರಿಗೂ ಹೊಳೆದಿರಲಿಲ್ಲ.

“ಹಂಗಾದ್ರ ಇಕಿ ಯಾರು?” ಜ್ಞಾನೇಶ್ವರ ಹೆಂಡತಿಯ ಕೈ ಹಿಡಿದು ಮುಂದಕ್ಕೆ ಚಾಚಿದ. “ಇಕಿ ಪ್ರತಿಮಾ ಅಲ್ಲೇನು?”

ಮುದುಕಿ ಮಗನ ತಲೆ ಸವರಿದಳು. “ನಿನಗ ಹಂಗ ಕಾಣತಾಳಪಾ. ಕಾಣಲಿ. ನಿಮ್ಮಪ್ಪ ತೀರಿಕೊಂಡ ವರ್ಷ ನನಗೂ ಅಗದಿ ಹಂಗಽ ಕಾಣತಿದ್ರು. ಹಾಸಿಗಿ ಅಂಚಿಗೆ ಕುಂತು ಎಲಿ ಅಡಿಕಿ ಹಾಕೋತಿದ್ರು. ಮುಟ್ಟಿದ್ರ ಬೆಚ್ಚಗೂ ಇರತಿದ್ರು.”

ಪ್ರತಿಮಾ ಕೈ ಹಿಂದಕ್ಕೆ ಎಳೆದುಕೊಂಡಳು. ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದು ನೋಡಿದಳು. ನಾಡಿ ಬಡಿಯುತ್ತಿತ್ತು. ಬಡಿಯುತ್ತಿದೆ ಎಂದು ಇಷ್ಟು ಹೊತ್ತು ಹಿಡಿದು ನೋಡಬೇಕಾಯಿತಲ್ಲ ಎಂದು ಅವಳಿಗೆ ಹೆದರಿಕೆಯಾಯಿತು.

ಸಂಜೆ ಹತ್ತಿರ ಬರುತ್ತಿದ್ದಂತೆ ಮನೆಯಲ್ಲಿ ಪಿಸುಮಾತು ಶುರುವಾಯಿತು. ಜ್ಞಾನೇಶ್ವರ ಹೆಂಡತಿಗೆ ಹೊಳೆಗೆ ಹೋಗಬೇಡ ಎಂದ. ಕೊಡವನ್ನು ರೇಷ್ಮಾ ಹಿಡಿಯಲಿ, ಪ್ರತಿಮಾಳ ಹೆಸರು ಬಂದಾಗ ಅವ್ವನ ಬಾಯಿಯ ಮೇಲೆ ಕೈ ಇಟ್ಟರಾಯಿತು.

ಕರೆವ್ವ ಒಪ್ಪಲಿಲ್ಲ. “ಮಗಳು ಕೊಡಾ ಹಿಡದ್ರ ಹಿರ್ಯಾರು ಆಕಿ ಗಂಡನ ಮನಿ ದಾರಿ ಹಿಡೀತಾರ. ರಬಕವಿಗೆ ಹೋಗಿ ಆಕಿ ಅತ್ತಿ ಮುಂದ ಕುಂದ್ರತಾರ. ಬ್ಯಾಡ.”

“ನಮ್ಮತ್ತಿ ಇವರಿಗಿಂತ ಜೋರದಾಳ ಬಿಡು, ಹಿರ್ಯಾರನ್ನೂ ಕೆಲಸಕ್ಕ ಹಚ್ಚತಾಳ” ಎಂದಳು ರೇಷ್ಮಾ. ನಗಿಸಲೆಂದೇ ಹೇಳಿದವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

“ಈ ಬಾಯಾರು ಹಿಡೀತಾರ” ಎಂದು ಕರೆವ್ವ ಪ್ರತಿಮಾಳನ್ನು ತೋರಿಸಿದಳು. “ನಿನ್ನೆ ಇವರಽ ಹಿಡದಿದ್ರು. ಕೊಡಾ ಅಳಗ್ಯಾಡಲಿಲ್ಲ.”

ಪ್ರತಿಮಾ ಎದ್ದು ಸೆರಗು ಸಿಕ್ಕಿಸಿಕೊಂಡಳು. ಗಂಡ ತಡೆಯಲು ಬಂದಾಗ, “ಹೊಳ್ಯಾಗ ಪಾಚಿ ಭಾಳ ಐತಿ. ಅತ್ತಿ ಒಬ್ರನ್ನ ಕಳಸಿದ್ರ ಬೀಳತಾರ” ಎಂದಳು. ಮತ್ತೆ ದನಿ ತಗ್ಗಿಸಿ, “ನನ್ನ ಹೆಸರು ಹೇಳೂಮುಂದ ನಾ ಅಲ್ಲಿರಬೇಕು. ನನ್ನ ಹಿಂದ ಹೇಳಿಬಿಟ್ರ ನಾ ಯಾರಿಗೆ ಬ್ಯಾಡ ಅನ್ನಲಿ?” ಎಂದಳು. ಜ್ಞಾನೇಶ್ವರ ದೂರದಿಂದಲಾದರೂ ಬರುತ್ತೇನೆಂದು ಹಿಂದೆಯೇ ಹೊರಟು, ಕಬ್ಬಿನ ಹೊಲದ ಬದುವಿನಲ್ಲಿ ನಿಂತ. ಅಲ್ಲಿಂದ ಮುಂದೆ ಗಂಡಸರು ಹೋಗುವಂತಿರಲಿಲ್ಲ.

ಹೊಳೆ ನಿನ್ನೆಗಿಂತ ತುಂಬಿತ್ತು. ಬ್ಯಾರೇಜಿನ ಕಡೆಯಿಂದ ಬರುವ ಸದ್ದು ಇವತ್ತು ಕೇಳಿಸಲಿಲ್ಲ. ಗೇಟು ಹಾಕಿರಬಹುದು. ನೀರು ಅಲುಗದೆ, ಏನನ್ನೋ ಕೇಳಿಸಿಕೊಳ್ಳುವಂತೆ ಮಲಗಿತ್ತು. ಆಚೆ ದಂಡೆಯ ಮೇಲೆ ಹೊಗೆ ಮೇಲೇರದೆ ನೀರಗುಂಟ ಹರಡಿಕೊಂಡಿತ್ತು.

“ಸೋಮವ್ವತ್ತೀ, ಹೋಗಿ ಬರ್ರಿ.” ಕರೆವ್ವ ಕೊಡದಿಂದ ಬೊಗಸೆ ತುಂಬಿ ಹೊಳೆಗೆ ಬಿಟ್ಟಳು. “ಕಾಮಣ್ಣ ಬಾವಾರ, ಹೋಗಿ ಬರ್ರಿ.” ಗಂಡನ ಬೊಗಸೆಯನ್ನು ಬಿಡುವಾಗ ತುಟಿ ಮಾತ್ರ ಅಲುಗಿತು. ಕಳಿಸುವಾಗ ಆ ಹೆಸರು ದನಿ ಪಡೆಯುತ್ತಿರಲಿಲ್ಲ, ಪ್ರತಿ ವರ್ಷವೂ ಹೀಗೆಯೇ. ಮಾಲಾಳ ಬೊಗಸೆಯನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತಳು. ಬೆರಳ ಸಂದಿಯಿಂದ ನೀರು ತಾನಾಗಿ ಸೋರಿ ಹೋದ ಮೇಲೆ, “ಹೋತು” ಎಂದಳು.

ಇನ್ನು ಕೊಡದಲ್ಲಿ ಉಳಿದದ್ದು ಒಂದೇ ಬೊಗಸೆ. ಪ್ರತಿಮಾ ಒಳಗೆ ನೋಡಿದಳು. ತಳದಲ್ಲಿ ಆಕಾಶದ ತುಣುಕೊಂದು ಕಾಣುತ್ತಿತ್ತು. ಬಗ್ಗಿದ ಕರೆವ್ವನ ಮುಖವೂ ಕಾಣುತ್ತಿತ್ತು. ಅಷ್ಟೇ ಹತ್ತಿರಕ್ಕೆ ಬಗ್ಗಿದ್ದ ತನ್ನ ಮುಖ ಅದರಲ್ಲಿ ಕಾಣಲಿಲ್ಲ.

ಅವಳು ಕೊಡವನ್ನು ಎದೆಗವಚಿಕೊಂಡು ಹಿಂದೆ ಸರಿದಳು. “ಬ್ಯಾಡ್ರಿ ಅತ್ತಿ. ಇದನ್ನ ಬಿಡಬ್ಯಾಡ್ರಿ. ನಾನ ಪ್ರತಿಮಾ. ನಾ ಹೋಗಿಲ್ಲ, ಇಲ್ಲೇ ಅದೀನಿ.”

ಕರೆವ್ವ ಅವಳನ್ನು ನೋಡಿದಳು. ಬೇಸಿಗೆಯ ನಂತರ ಮೊದಲ ಸಲ ಅವಳ ಮುಖವನ್ನೇ, ಕಣ್ಣನ್ನೇ ನೋಡಿದಳು. ಆ ನೋಟದಲ್ಲಿ ಗುರುತು ಇತ್ತು. ಗುರುತಿನ ಜೊತೆಗೆ ಎಂಥ ಮರುಕವಿತ್ತೆಂದರೆ ಪ್ರತಿಮಾ ಎದೆಗವಚಿದ ಕೊಡವನ್ನು ಕೆಳಗಿಳಿಸಿದಳು.

“ಗೊತ್ತೈತಿ ಯವ್ವಾ” ಎಂದಳು ಕರೆವ್ವ. “ಹೋದಾರು ಎಲ್ಲಾರೂ ಹಿಂಗಽ ಅಂತಾರ. ಮಾಲಾ ಪ್ರತಿ ವರ್ಷಾ ಅಂತಾಳ. ಅವ್ವಾ, ನಾ ಎಲ್ಲೂ ಹೋಗಿಲ್ಲ, ಇಲ್ಲೇ ಅದೀನಿ ಅಂತಾಳ. ನಾ ಕಿವಿ ಮುಚಗೊಂಡು ಕಳಸತೇನಿ.”

ನೀರಿನ ಮೇಲೆ ಎಲ್ಲೋ ಒಂದು ಮೀನು ಹಾರಿ ಬಿದ್ದ ಸದ್ದಾಯಿತು. ಅಥವಾ ಸಣ್ಣ ಕಾಲೊಂದು ನೀರಿಗಿಳಿದ ಸದ್ದು. ಇಬ್ಬರೂ ಆ ಕಡೆ ನೋಡಲಿಲ್ಲ.

“ಅತ್ತಿ, ಕೈ ಮುಗೀತೇನ್ರಿ.”

“ಮುಗೀಬ್ಯಾಡ. ನೀ ನನಗ ಕೈ ಮುಗೀಬ್ಯಾಡ.” ಮುದುಕಿ ಇನ್ನೂ ಹತ್ತಿರ ಬಂದಳು. ಬೊಗಸೆ ಮಾಡಿ ಕೊಡದೊಳಗೆ ಇಳಿಸಿದಳು, ಮೇಲೆತ್ತಲಿಲ್ಲ. “ಮಾಲಾನ್ನ ಕಳಸಾಕ ಕಲತೇನಿ. ನಿನ್ನ ಕಳಸಾಕ ನನ್ನ ಕೈ ಏಳವಲ್ದು. ನೀ ಹೋದ್ರ ಈ ಮೊಣಕಾಲು ಯಾರ ಕೈಯಾಗ ಬೆಚ್ಚಗ ಆಗಬೇಕು?” ಹೊಳೆಯ ಕಡೆ ಒಮ್ಮೆ ನೋಡಿದಳು. “ಆದ್ರ ಕೊಡಾ ಬರಿದಾಗಬೇಕು. ಒಬ್ರು ಹೋಗಾಕಬೇಕು.”

ಆಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿ ನಿಂತಳು. ಬೊಗಸೆ ಮೇಲೆ ಬಂತು. ಪ್ರತಿಮಾಳಿಗೆ ಅರ್ಥವಾಗುವುದರೊಳಗೆ ಆ ದನಿ ಹೊಳೆಯ ಮೇಲೆ ಹರಡಿತು. ಮನೆಯ ಬಾಗಿಲಲ್ಲಿ ನಿಂತು ಪಕ್ಕದ ಮನೆಯವಳನ್ನು ಬೀಳ್ಕೊಡುವಂಥ ಸಾದಾ ದನಿ.

“ಕರೆವ್ವಾ, ಹೋಗಿ ಬಾ.”

ನೀರು ನೀರಿಗೆ ಸೇರಿತು. ಪ್ರತಿಮಾ ಕೊಡವನ್ನು ಕೈಬಿಟ್ಟು ಎರಡೂ ಕೈಯಿಂದ ಅತ್ತೆಯನ್ನು ಬಾಚಿ ಹಿಡಿದಳು. ಬೀಳುತ್ತಾಳೆ, ಇಲ್ಲೇ ಕುಸಿಯುತ್ತಾಳೆ ಎಂದುಕೊಂಡಿದ್ದಳು. ಕರೆವ್ವ ಬೀಳಲಿಲ್ಲ. ಅವಳ ಹೆಗಲ ಮೇಲಿಂದ ತಲೆ ಎತ್ತಿ, ಗಲಿಬಿಲಿಗೊಂಡವಳಂತೆ ಕಣ್ಣು ಕಿರಿದು ಮಾಡಿ ನೋಡಿ, ನೆರಿಗೆಗಟ್ಟಿದ ಮುಖ ಅರಳಿಸಿದಳು.

“ಪ್ರತಿಮಾ! ಯಾವಾಗ ಬಂದೀ ಬೇ ಮುಧೋಳದಿಂದ? ಹಣಿಗೆ ಇಷ್ಟೊಂದು ಭಂಡಾರ ಯಾಕ ಬಡಕೊಂಡಿ? ಬಾ ಬಾ, ಸೀರಿ ತೊಯ್ದೈತಿ, ಥಂಡಿ ಆಗತೈತಿ ನಿನಗ.”

ಬದುವಿನಲ್ಲಿ ನಿಂತಿದ್ದ ಜ್ಞಾನೇಶ್ವರ ತಾಯಿ ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ಕೇಳಿ ಓಡಿ ಬಂದ. ಮನೆಗೆ ಬರುವ ದಾರಿಯುದ್ದಕ್ಕೂ ಮುದುಕಿ ಮಾತಾಡಿದಳು. ರೇಷ್ಮಾ ಅತ್ತಳು, ನಕ್ಕಳು, ಉಳಿದ ಹೋಳಿಗೆಯನ್ನೆಲ್ಲ ವೈನಿಯ ತಾಟಿಗೆ ಸುರಿದಳು. ಅಂದು ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡರು. ಪ್ರತಿಮಾ ಹೊಳೆಯಲ್ಲಿ ಕೇಳಿದ ಕೊನೆಯ ಮಾತನ್ನು ಯಾರಿಗೂ ಹೇಳಲಿಲ್ಲ.

ಆ ಮಾತಿನ ಫಲ ಗೊತ್ತಾದದ್ದು ಮೆಲ್ಲಮೆಲ್ಲಗೆ. ‘ಯವ್ವಾ’ ಎಂದರೆ ಮುದುಕಿ ತಿರುಗುತ್ತಿದ್ದಳು, ‘ಅತ್ತಿ’ ಎಂದರೆ ತಿರುಗುತ್ತಿದ್ದಳು. ಪಕ್ಕದ ಮನೆಯವರು ‘ಕರೆವ್ವಾ’ ಎಂದು ಕೂಗಿದರೆ ಮಾತ್ರ ಅಂಗಳದಲ್ಲಿ ಕುಳಿತವಳು ಅತ್ತಿತ್ತ ನೋಡಿ, “ಆಕಿ ಇಲ್ರೀ. ಹ್ವಾದ್ಲು” ಎನ್ನುತ್ತಿದ್ದಳು. ಬಿ.ಪಿ. ನೋಡಲು ಬಂದ ಆಶಾ ಕಾರ್ಯಕರ್ತೆ ಹೆಸರು ಕೇಳಿದಾಗ ನಾಚಿಕೊಂಡು ಸೊಸೆಯ ಕಡೆ ಕೈ ಮಾಡಿದಳು. ಮರೆವು ಮಾತ್ರ ಕಡಿಮೆಯಾಗಿತ್ತು. ಚಹಾಕ್ಕೆ ಸ್ವತಃ ಸಕ್ಕರೆ ಹಾಕಿಕೊಳ್ಳುತ್ತಿದ್ದಳು. ಅವಳ ಅಂಗೈಗಳು ಯಾವಾಗಲೂ ತಣ್ಣಗೆ, ಒದ್ದೆಯಾಗಿ ಇರುತ್ತಿದ್ದವು. ಒರೆಸಿದಷ್ಟೂ ಮತ್ತೆ ಒದ್ದೆಯಾಗುತ್ತಿದ್ದವು. ಪ್ರತಿಮಾ ಆ ಕೈಗಳನ್ನು ತನ್ನ ಕೈಗಳ ನಡುವೆ ಹಿಡಿದು ಕೂರುತ್ತಿದ್ದಳು. ಬೆಚ್ಚಗಾಗುತ್ತಿರಲಿಲ್ಲ, ಆದರೂ ಹಿಡಿದಿರುತ್ತಿದ್ದಳು.

ದೀಪಾವಳಿ ಕಳೆದ ಮೇಲೊಂದು ಭಾನುವಾರ ಎಳೆಬಿಸಿಲಿಗೆ ಅತ್ತೆಯನ್ನು ಅಂಗಳದಲ್ಲಿ ಕೂರಿಸಿಕೊಂಡು ಪ್ರತಿಮಾ ತಲೆ ಬಾಚುತ್ತಿದ್ದಳು.

“ಪ್ರತಿಮಾ” ಎಂದಳು ಮುದುಕಿ. “ಈ ಮನ್ಯಾಗ ಕರೆವ್ವ ಅಂತ ಒಬ್ಬಾಕಿ ಇದ್ಲಂತಲ್ಲ. ಎಲ್ಲಾರೂ ಆಕೀನ್ನ ಕೇಳಕೋತ ಬರತಾರ. ಹ್ಯಾಂಗಿದ್ಲು ಆಕಿ?”

ಬಾಚಣಿಗೆ ನಿಂತಿತು. ಹೇಳಬಾರದು ಎನ್ನಿಸಿತು ಪ್ರತಿಮಾಳಿಗೆ. ಹೇಳಿದರೆ ಅವಳು ಹೋದದ್ದನ್ನು ಒಪ್ಪಿದಂತೆ. ಹೇಳದಿದ್ದರೆ? ಮುಂದೆ ಯಾವತ್ತೋ ಒಂದು ದಿನ ಬಾಳೆಲೆಯ ಮುಂದೆ ಹೇಳುವುದೇ ಆದರೆ, ಇವತ್ತು ಈ ಬಿಸಿಲಿನಲ್ಲಿ, ಈ ಕಿವಿಯಲ್ಲಿ ಯಾಕೆ ಹೇಳಬಾರದು?

“ನಾ ಮದಿವ್ಯಾಗಿ ಬಂದ ಹೊಸದಾಗ” ಎಂದು ಶುರುಮಾಡಿದಳು, “ಹಾಲಿನ ಗಡಿಗಿ ನನ್ನ ಕೈಯಾಗಿಂದ ಬಿದ್ದು ಒಡೀತು. ಮಾವಾರು ಒಳಗ ಬಂದು ಯಾರ ಒಡದ್ರು ಅಂತ ಗುಡುಗಿದ್ರು. ನಾ ನಡುಗಾಕತ್ತಿದ್ದೆ. ಕರೆವ್ವ ಮುಂದ ಬಂದು ‘ನಾ ಒಡದೆ’ ಅಂದ್ರು. ಬೈಸಿಕೊಂಡ್ರು. ಆಮ್ಯಾಗ ನನ್ನ ಕಡೆ ನೋಡಲೂ ಇಲ್ಲ, ಒಂದ ಮಾತೂ ಅನ್ನಲಿಲ್ಲ. ಸಂಜೀಕ ನನ್ನ ತಾಟಿನಾಗ ಕೆನಿ ಇತ್ತು. ಹಾಲೆಲ್ಲಾ ಚೆಲ್ಲಿತ್ತಲ್ಲ, ಕೆನಿ ಎಲ್ಲಿಂದ ತಂದಿದ್ರು ಅಂತ ನನಗ ಇವತ್ತಿಗೂ ಗೊತ್ತಿಲ್ಲ.”

ಮುದುಕಿ ಗಮನವಿಟ್ಟು ಕೇಳಿದಳು, ಊರಾಚೆಯ ಯಾರದೋ ಸುದ್ದಿ ಕೇಳಿದಂತೆ. ತಣ್ಣನೆಯ ಕೈಯನ್ನು ಗಲ್ಲಕ್ಕಿಟ್ಟುಕೊಂಡು ತಲೆದೂಗಿದಳು.

“ಛಲೋ ಹೆಣಮಗಳು” ಎಂದಳು. “ಒಮ್ಮಿ ನೋಡಬೇಕಾಗಿತ್ತು ನಾ ಆಕೀನ್ನ.”

ಪ್ರತಿಮಾ ಬಾಚಣಿಗೆ ಕೆಳಗಿಟ್ಟು, ಅವಳ ಮುಂದೆ ಬಂದು ನೆಲದ ಮೇಲೆ ಕುಳಿತು, ಇನ್ನೊಂದನ್ನು ಹೇಳತೊಡಗಿದಳು.